ಸಾಸಿವೆ ಅಂಟಿದ ನಕ್ಷೆ

ಮಿಲ್ವಾಕಿ
ಫೆಬ್ರವರಿ 20, 1994

ಭಾವ,

ನಿಂತು ಓದುತ್ತಿದ್ದರೆ ಮೊದಲು ಕೂತುಕೊಳ್ಳಿ. ಬಾಯಲ್ಲಿ ಕಾಫಿ ಇದ್ದರೆ ನುಂಗಿಬಿಡಿ. ಈ ಅಕ್ಟೋಬರಿನಲ್ಲಿ ನಾನು ಬೇಟೆಗೆ ಬರುತ್ತಿದ್ದೇನೆ.

ನಕ್ಕು ಮುಗಿಯಿತೇ? ಅಕ್ಕನನ್ನೂ ಕರೆದು ಓದಿ ಹೇಳಿ, ಅವಳೂ ನಕ್ಕು ಮುಗಿಸಲಿ. ನಾನು ಕಾಯುತ್ತೇನೆ. ಕಾಯುವುದೇ ನನ್ನ ಕಸುಬು. ಪಿಯಾನೊದ ಒಂದು ತಂತಿ ಶ್ರುತಿಗೆ ನಿಲ್ಲುವವರೆಗೆ ಕಾಯುವವನಿಗೆ ನೀವಿಬ್ಬರು ಶ್ರುತಿಗೆ ಬರುವವರೆಗೆ ಕಾಯುವುದು ಯಾವ ಮಹಾ?

ಹತ್ತೊಂಬತ್ತು ವರ್ಷ, ಭಾವ! ಅಕ್ಕ ನಿಮ್ಮನ್ನು ಕಟ್ಟಿಕೊಂಡಾಗಿನಿಂದ ಪ್ರತಿ ಅಕ್ಟೋಬರಿನ ಎರಡನೇ ಶನಿವಾರ ವಯೋಮಿಂಗಿನವರೆಗೆ ಬಂದು, ನಿಮ್ಮ ಅಡುಗೆಮನೆಯ ಮೂಲೆಯ ಸ್ಟೂಲಿನ ಮೇಲೆ ಕೂತು ಈರುಳ್ಳಿ ಸುಲಿದಿದ್ದೇನೆ. ನಿಮ್ಮ ಅಜ್ಜನ ಕಾನೂನು ನನಗೆ ಬಾಯಿಪಾಠ. ಆ ದಿನದ ಊಟಕ್ಕೆ ಮನೆಯವರೇ ಕೈಯಾರೆ ಹೊಡೆದು ತಂದ, ಕವಲುಗೊಂಬು ಅನ್ನುವ ಕಾಡುಪ್ರಾಣಿಯ ಮಾಂಸ ಆಗಬೇಕು. ಅದೂ ಯಾರೋ ಒಬ್ಬನ ಜಮೀನಿನಲ್ಲಿ ಹೊಡೆದದ್ದಲ್ಲ, ಎಲ್ಲರಿಗೂ ಸೇರಿದ ಸರ್ಕಾರಿ ಬಯಲಿನಲ್ಲಿ ಹೊಡೆದದ್ದು. ತಂದವರಿಗೆ ಮೇಜಿನ ತಲೆಯಲ್ಲಿರುವ ಅಜ್ಜನ ತೋಳುಕುರ್ಚಿ. ಜನ್ಮದಲ್ಲಿ ಒಮ್ಮೆಯೂ ತರದವರಿಗೆ ಸ್ಟೂಲು, ಚಾಕು, ಒಂದು ಬುಟ್ಟಿ ಈರುಳ್ಳಿ. ನೀವು ಆ ಕುರ್ಚಿಯಲ್ಲಿ ಕೂತು "ಅಳಬೇಡ ಕಣೋ ಆರ್ಲೊ, ನಿಂಗೂ ಒಂದು ಕಾಲ ಬರುತ್ತೆ" ಅಂದಾಗಲೆಲ್ಲ ಇಡೀ ಮೇಜು ನಗುತ್ತದೆ.

ಆ ಕಾಲ ಬಂದಿದೆ. ನನ್ನ ಶರತ್ತು ಒಂದೇ, ಎಲ್ಲ ನಾನೇ ಮಾಡಬೇಕು. ಅರ್ಜಿ ನಾನೇ, ನಕ್ಷೆ ನಾನೇ, ಗುಡಾರ ನಾನೇ, ಗುಂಡು ನಾನೇ. ದಾರಿ ತೋರಿಸುವ ಬಾಡಿಗೆ ಬೇಟೆಗಾರ ಬೇಡ, ನಿಮ್ಮ ನೆರೆಯವರ ಗೇಟಿನ ಬೀಗದಕೈ ಬೇಡ, ನೀವೂ ಬೇಡ. ಸಲಹೆ ಮಾತ್ರ ಕೊಡಬಹುದು. ಅದನ್ನೂ ಬೇಡ ಅಂದರೆ ನಿಮಗೆ ಜ್ವರ ಬಂದೀತು ಅಂತ ಬಿಟ್ಟಿದ್ದೇನೆ.

ಕಣ್ಣೀರು ಒರೆಸಿಕೊಂಡು,
ಆರ್ಲೊ

*

ಸೇಜ್ ಫೋರ್ಕ್, ವಯೋಮಿಂಗ್
ಮಾರ್ಚ್ 6

ಭಾಮೈದ ಮಹಾರಾಯ,

ಮೂರು ದಿನ ನಕ್ಕೆವು. ನಿನ್ನ ಅಕ್ಕ ರೊಸೆಲ್ಲಾ ಇನ್ನೂ ಮುಗಿಸಿಲ್ಲ. ಈಗಷ್ಟೇ ಪಾತ್ರೆ ತೊಳೆಯುತ್ತ "ಗುಂಡು ನಾನೇ ಅಂತೆ!" ಅಂದಳು, ಒಂದು ತಟ್ಟೆ ಹೋಯಿತು. ಅದರ ಬೆಲೆ ನಿನ್ನ ಲೆಕ್ಕಕ್ಕೆ.

ಕವಲುಗೊಂಬನ್ನು ನಾವು ಇಲ್ಲಿ ಆಡು ಅನ್ನುತ್ತೇವೆ, ಪೇಟೆಯವರು ಜಿಂಕೆ ಅನ್ನುತ್ತಾರೆ. ಅದು ಆಡೂ ಅಲ್ಲ, ಜಿಂಕೆಯೂ ಅಲ್ಲ. ನಿನ್ನ ಹಾಗೆ. ನೀನೂ ಸಂಗೀತಗಾರನೂ ಅಲ್ಲ, ಬಡಗಿಯೂ ಅಲ್ಲ. ಹೋಲಿಕೆ ಅಲ್ಲಿಗೇ ಮುಗಿಯಿತು, ಯಾಕಂದರೆ ಅದು ಓಡುತ್ತೆ.

ನಿನ್ನ ಬಂಡವಾಳ ಕಿವಿ. ಆ ಬಯಲಿನಲ್ಲಿ ಕಿವಿಗೆ ಕೆಲಸವಿಲ್ಲ, ಗಾಳಿ ಬಿಟ್ಟರೆ ಬೇರೆ ಸಂಗೀತವಿಲ್ಲ. ಅದರ ಬಂಡವಾಳ ಕಣ್ಣು. ಮೈಲಿಯಾಚೆ ನೀನು ಮೂಗು ಕೆರೆದುಕೊಂಡರೆ ಎಡಹೊಳ್ಳೆಯೋ ಬಲಹೊಳ್ಳೆಯೋ ಅಂತ ಅದಕ್ಕೆ ಗೊತ್ತಾಗುತ್ತೆ. ಅದು ಕಣ್ಣಿದ್ದವರ ರಾಜ್ಯ ಕಣಯ್ಯ. ಆದ್ದರಿಂದ ನಡೆಯುವುದನ್ನು ಮರೆತುಬಿಡು, ತೆವಳುವುದನ್ನು ಕಲಿ. ಮೊಣಕಾಲು ಊರುವ ಮೊದಲು ಪಾಪಾಸುಕಳ್ಳಿ ಇದೆಯಾ ಅಂತ ನೋಡು. ಕೂರುವ ಮೊದಲಂತೂ ಎರಡು ಸಲ ನೋಡು.

ಅದಕ್ಕೂ ಒಂದು ದೌರ್ಬಲ್ಯ ಇದೆ, ಕುತೂಹಲ. ಅದರ ಹಿಂಭಾಗ ಬೆಳ್ಳಗೆ. ಗಾಬರಿಯಾದಾಗ ಆ ಬಿಳಿ ಕೂದಲು ಹೂವಿನ ಹಾಗೆ ಅರಳುತ್ತೆ, ಎಲ್ಲೋ ಮೇಯುತ್ತಿರುವ ನೆಂಟರಿಗೂ ಸುದ್ದಿ ಮುಟ್ಟುತ್ತೆ. ಹಾಗಾಗಿ ದೂರದಲ್ಲಿ ಏನಾದರೂ ಬೆಳ್ಳಗೆ ಅಲ್ಲಾಡಿದರೆ ಕೆಲವು ಗಂಡುಗಳು 'ಯಾರಪ್ಪಾ ಅದು' ಅಂತ ಹತ್ತಿರ ಬಂದು ನೋಡುತ್ತವೆ. ಅಜ್ಜ ಬಿಳಿ ಕರವಸ್ತ್ರ ಬೀಸುತ್ತಿದ್ದ.

ಬಿದ್ದ ಮೇಲೆ ಫೋಟೋ, ಕುಣಿತ ಎಲ್ಲ ಆಮೇಲೆ. ಮೊದಲು ಕರುಳು ತೆಗೆ, ಚರ್ಮ ಬಿಚ್ಚು, ನೆರಳಿಗೆ ಹಾಕಿ ತಣಿಸು. ಬಿಸಿಲಲ್ಲಿ ಬಿಟ್ಟು ಆಮೇಲೆ ಮಾಂಸ ನಾರುತ್ತೆ ಅಂತ ಪ್ರಾಣಿಯನ್ನು ಬಯ್ಯುವವರ ಪೈಕಿ ಸೇರಬೇಡ.

ನನ್ನನ್ನು ಜೊತೆಗೆ ಬೇಡ ಅಂದದ್ದು ಒಳ್ಳೆಯದೇ ಆಯಿತು. ಈ ವರ್ಷ ನನಗೂ ಬೇರೆ ಕೆಲಸಗಳಿವೆ.

ಡೆಲ್ಬರ್ಟ್

*

ಮಿಲ್ವಾಕಿ
ಜುಲೈ 3

ಭಾವ,

ಲೈಸೆನ್ಸ್ ಬಂತು! ಅಂಚೆಯವನನ್ನು ತಬ್ಬಿಕೊಂಡೆ. ಅವನು ಬೇರೆ ಬೀದಿಗೆ ವರ್ಗ ಕೇಳಿದ್ದಾನಂತೆ.

ಚೀಟಿ ಎತ್ತಿ ಕೊಡುವ, ಎಷ್ಟೋ ಜನಕ್ಕೆ ವರ್ಷಗಟ್ಟಲೆ ಸಿಗದ ಬೇಟೆ ಲೈಸೆನ್ಸ್ ನನಗೆ ಮೊದಲ ಸಲಕ್ಕೇ ಹೇಗೆ ಸಿಕ್ಕಿತು ಅಂತ ಕೇಳಿ. ಬುದ್ಧಿ, ಭಾವ, ಬುದ್ಧಿ! ಹಳೆಯ ಅಂಕಿಅಂಶ ತರಿಸಿಕೊಂಡು ನೋಡಿದೆ. ಒಂದು ಬೇಟೆ ಪ್ರದೇಶದಲ್ಲಿ ಕೇಳಿದವರಿಗೆಲ್ಲ ಲೈಸೆನ್ಸ್ ಕೊಟ್ಟಿದ್ದಾರೆ. ಅರ್ಜಿಯಲ್ಲಿ ಅದನ್ನೇ ಬರೆದೆ. ನಿಮ್ಮ ಊರಿನವರಿಗೆ ಇದು ಇಷ್ಟು ವರ್ಷ ಹೊಳೆಯಲಿಲ್ಲವಲ್ಲ!

ತೆವಳುವ ಅಭ್ಯಾಸ ಹಿತ್ತಲಿನಲ್ಲಿ ನಡೆದಿದೆ. ನಿನ್ನೆ ಬೇಲಿಯಾಚೆಯಿಂದ ಪಕ್ಕದ ಮನೆಯ ವೋಯ್ಚಿಕ್ ಅಜ್ಜಿ ಬಗ್ಗಿ ನೋಡಿ, "ಏನಾದ್ರೂ ಕಳ್ಕೊಂಡ್ಯಾ ಮಗಾ?" ಅಂದರು. "ಮಾನ, ಅಜ್ಜೀ" ಅಂದೆ. "ಅದು ಅಷ್ಟು ಕೆಳಗೆ ಸಿಗಲ್ಲಪ್ಪ" ಅಂದು ಒಳಗೆ ಹೋದರು.

ಇದರ ಜೊತೆ ನನ್ನ ನಕ್ಷೆ ಕಳಿಸಿದ್ದೇನೆ. ಹಳದಿ ಬಣ್ಣವೆಲ್ಲ ಸರ್ಕಾರಿ ಬಯಲು, ಬಿಳಿಯೆಲ್ಲ ಖಾಸಗಿ. ಎರಡು ವಾರ ಊಟದ ಮೇಜಿನ ಮೇಲೆ ಹರಡಿಕೊಂಡು, ಸಾಸೇಜು ತಿನ್ನುತ್ತ, ಅಂಗುಲ ಅಂಗುಲ ಓದಿದ್ದೇನೆ. ಹಳದಿಗೇನೂ ಬರವಿಲ್ಲ. ಯಾವ ತುಂಡು ಒಳ್ಳೆಯದು ಅಂತ ಒಂದು ಮಾತು ಹೇಳಿ, ಸಾಕು.

ಒಂದು ಸಣ್ಣ ಪ್ರಶ್ನೆ. ನಿಮ್ಮ ಪತ್ರದಲ್ಲಿ ಹಾಳೆಗೆ ಎಂಟೇ ಸಾಲು, ಅಂಗಡಿಯ ಬೋರ್ಡಿನಷ್ಟು ದಪ್ಪ ಅಕ್ಷರ. ಅಹಂಕಾರ ಬೆಳೆದ ಹಾಗೆ ಅಕ್ಷರವೂ ಬೆಳೆಯುತ್ತದೆಯೇ?

ಲೈಸೆನ್ಸ್‌ದಾರ
ಆರ್ಲೊ

*

ಸೇಜ್ ಫೋರ್ಕ್
ಜುಲೈ 18

ಬುದ್ಧಿವಂತ ಭಾಮೈದನಿಗೆ,

ಯಾವಾಗ ಹೋದರೂ ಖಾಲಿ ಮೇಜು ಸಿಗುವ ಹೋಟೆಲು ನೋಡಿದ್ದೀಯಾ? ಯಾಕೆ ಸಿಗುತ್ತೆ ಅಂತ ಮೊದಲ ತುತ್ತಿಗೇ ಗೊತ್ತಾಗುತ್ತೆ. ನಿನ್ನ ಪ್ರದೇಶವೂ ಹಾಗೇ. ಹಳದಿ ಇದೆ, ಬೇಕಾದಷ್ಟಿದೆ. ಆದರೆ ಪ್ರತಿ ಹಳದಿ ತುಂಡಿನ ಸುತ್ತಲೂ ಬಿಳಿ. ಬಯಲು ನಿನ್ನದೇ, ಆದರೆ ಅಲ್ಲಿಗೆ ಕಾಲಿಡಲು ನಿನ್ನದಲ್ಲದ ನೆಲ ತುಳಿಯಬೇಕು. ಅದಕ್ಕೇ ಅಲ್ಲಿಗೆ ಯಾರೂ ಅರ್ಜಿ ಹಾಕಲ್ಲ. ಪ್ರತಿ ವರ್ಷ ಪೂರ್ವದ ಕಡೆಯ ಯಾರೋ ಒಬ್ಬ ಮಾತ್ರ ಹಾಕುತ್ತಾನೆ. ಅವನಿಗೆ ನಾವೆಲ್ಲ ದೂರದಿಂದ ಟೋಪಿ ಎತ್ತುತ್ತೇವೆ. ಈ ವರ್ಷದ ಟೋಪಿ ನಮ್ಮ ಮನೆಗೇ ಬಂತು!

ಆದರೂ ಕೈಬಿಡಲಿಲ್ಲ. ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಬೆಳಗ್ಗೆ ಪೂರ್ತಿ ನೋಡಿದೆ. ಹಳ್ಳದ ತಿರುವಿನ ಕೆಳಗೆ, ಕೌಂಟಿ ರಸ್ತೆಗೆ ಅಂಟಿಕೊಂಡ ಹಾಗೆ ಗೋಡಂಬಿ ಆಕಾರದ ಒಂದು ತುಂಡಿದೆ. ಇಡೀ ನಕ್ಷೆಯಲ್ಲಿ ಅದರಷ್ಟು ಗಾಢ ಹಳದಿ ಬೇರೆ ಇಲ್ಲ. ರಸ್ತೆಯಿಂದ ನೇರ ಕಾಲಿಡಬಹುದು. ಕಣ್ಣು ಮುಚ್ಚಿಕೊಂಡು ಅಲ್ಲಿಗೇ ಹೋಗು. ನಕ್ಷೆ ವಾಪಸು ಕಳಿಸಿದ್ದೇನೆ.

ಡೆಲ್ಬರ್ಟ್

*

ಮಿಲ್ವಾಕಿ
ಜುಲೈ 30

ಮಾನ್ಯ ಡೆಲ್ಬರ್ಟ್ ಹೋಲ್ಮ್ ಅವರಿಗೆ,

ತಾವು ಸೂಚಿಸಿದ ಗೋಡಂಬಿ ಆಕಾರದ ಸರ್ಕಾರಿ ಬಯಲನ್ನು ಭೂತಗನ್ನಡಿ ಹಿಡಿದು ಪರಿಶೀಲಿಸಿದೆ. ನಂತರ ಬೆರಳಿನಿಂದ ಮುಟ್ಟಿದೆ. ಕೊನೆಗೆ ನೆಕ್ಕಿಯೂ ನೋಡಿದೆ. ಅದು ಸಾಸಿವೆ ಗೊಜ್ಜು. ನನ್ನ ಸಾಸೇಜಿನಿಂದ ಬಿದ್ದದ್ದು.

ಕವಲುಗೊಂಬುಗಳು ಸಾಸಿವೆ ಗೊಜ್ಜಿನಲ್ಲಿ ಮೇಯುವುದಿಲ್ಲವೆಂದು ನಂಬಿದ್ದೇನೆ.

ನಾನು ಮಾಡಿದ್ದು ಪೆದ್ದುತನವೇ ಇರಬಹುದು. ಪ್ರದೇಶ ತಪ್ಪಾಗಿ ಆರಿಸಿದೆ, ಒಪ್ಪಿದೆ. ಆದರೆ ಫೆಬ್ರವರಿಯಿಂದ ನಾನು ಇದನ್ನು ಎಷ್ಟು ಮನಸಾರೆ ಮಾಡುತ್ತಿದ್ದೇನೆಂದು ತಮಗೆ ಗೊತ್ತಿತ್ತು. ಸಾಸಿವೆಯಷ್ಟಾದರೂ ಗೌರವ ಇದ್ದಿದ್ದರೆ ಸಾಸಿವೆಯನ್ನು ತೋರಿಸಿ ನಗುತ್ತಿರಲಿಲ್ಲ. ಇನ್ನು ಸಲಹೆ ಬೇಡ.

ಆರ್ಲೊ ಕ್ರೂಗರ್

*

ಸೇಜ್ ಫೋರ್ಕ್
ಆಗಸ್ಟ್ 28

ಆರ್ಲೊ,

ನಿನ್ನ ಪತ್ರವನ್ನು ರೊಸೆಲ್ಲಾ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ನಗಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಡೆಲ್, ನಿಜ ಹೇಳು. ನಿಂಗೆ ಕಾಣಿಸ್ತಿಲ್ಲ ಅಲ್ವಾ?"

"ಕಾಣದೆ ಏನು? ಈಗ ನೀನು ಕಾಣ್ತಿಲ್ವಾ?"

"ನಾನು ಈ ಕಡೆ ಇದೀನಿ. ಅದು ಫ್ರಿಜ್ಜು."

ಅಲ್ಲಿಗೆ ನನ್ನ ಬಣ್ಣ ಬಯಲಾಯಿತು. ಕಳೆದ ಚಳಿಗಾಲದಿಂದ ಎರಡೂ ಕಣ್ಣಿಗೆ ಮಂಜು. ದಪ್ಪ ಅಕ್ಷರ ಅಹಂಕಾರದ್ದಲ್ಲ ಕಣೋ. ನಾನು ಬರೆದದ್ದು ನನಗೇ ಕಾಣಲಿ ಅಂತ. ಅಂಚೆ ಕಚೇರಿಯ ಮುಂದೆ ನಿಂತಿರುವ ದೊಡ್ಡ ಡಬ್ಬಿಗೆ ವಾರವಿಡೀ 'ಹೇಗಿದ್ದೀಯಪ್ಪ' ಅಂತ ಕೇಳಿದ್ದೇನೆ. ನಮ್ಮ ಷೆರಿಫ್ ಯಾಕೋ ಇತ್ತೀಚೆಗೆ ಮಾತು ಕಡಿಮೆ ಮಾಡಿದ್ದಾನೆ ಅಂದುಕೊಂಡಿದ್ದೆ.

ಆದ್ದರಿಂದ ನಿನ್ನ ನಕ್ಷೆಯನ್ನು ನೋಡಿ ನಾನು ನಗಲಿಲ್ಲ. ಆ ಸಾಸಿವೆ ನನಗೆ ನಿಜವಾಗಿಯೂ ಒಳ್ಳೇ ಮೇವಿನ ಬಯಲಿನ ಹಾಗೇ ಕಂಡಿತು.

ಡಾಕ್ಟರು ಪೊರೆ ಅಂದರು. ಸೆಪ್ಟೆಂಬರ್ ಕೊನೆಗೆ ಕ್ಯಾಸ್ಪರ್ ಪಟ್ಟಣದ ಆಸ್ಪತ್ರೆಯಲ್ಲಿ ಮೊದಲು ಬಲಗಣ್ಣಿಗೆ ಆಪರೇಶನ್. ಅಲ್ಲಿ ರೊಸೆಲ್ಲಾಳ ಗೆಳತಿಯ ಮನೆಯಲ್ಲಿ ಒಂದು ವಾರ ಇರಬೇಕಂತೆ.

ಇನ್ನೊಂದು ಮಾತು. ಈ ವರ್ಷ ನಾನು ಲೈಸೆನ್ಸಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಫ್ರಿಜ್ಜಿಗೂ ಹೆಂಡತಿಗೂ ವ್ಯತ್ಯಾಸ ಕಾಣದವನು ಬಂದೂಕು ಹಿಡಿಯಬಾರದು. ರೊಸೆಲ್ಲಾ ಬಂದೂಕು ಮುಟ್ಟಲ್ಲ. ಇನ್ನು ಮನೆಯವರು ಅಂತ ಉಳಿದವನು ನೀನೊಬ್ಬ. ನೀನು ತಂದರೆ ಅಕ್ಟೋಬರಿನ ಊಟ ಉಂಟು, ಇಲ್ಲದಿದ್ದರೆ ಅಜ್ಜನ ಕಾಲದಿಂದ ಮೊದಲ ಸಲ ಆ ಮೇಜು ಖಾಲಿ. ಇದನ್ನು ಮೊದಲೇ ಹೇಳಿ ನಿನ್ನ ಕೈ ನಡುಗಿಸಬಾರದು ಅಂತ ಸುಮ್ಮನಿದ್ದೆ. ಅಂಗಡಿಯಿಂದ ದನದ ಮಾಂಸ ತಂದರಾಯಿತು ಅಂತ ರೊಸೆಲ್ಲಾ ಅಂದಳು. ನಾನು ಫ್ರಿಜ್ಜಿನ ಕಡೆಗೆ ತಿರುಗಿ ಬೇಡ ಅಂದೆ.

ಮೂರು ದಿನ ನಕ್ಕೆವು ಅಂತ ಬರೆದಿದ್ದೆನಲ್ಲ, ಅದು ನಿಜ. ನಾನು ಎರಡು ದಿನ ನಕ್ಕದ್ದು ತಮಾಷೆಗೆ. ಮೂರನೇ ದಿನ ಸಂತೋಷಕ್ಕೆ.

ಡೆಲ್ಬರ್ಟ್

*

ಮಿಲ್ವಾಕಿ
ಸೆಪ್ಟೆಂಬರ್ 7

ಭಾವ, ಭಾವ, ಭಾವ!

ಮೊದಲು ಕ್ಷಮೆ. ಆಮೇಲೆ ಬೈಗುಳ. ಆಮೇಲೆ ಒಂದು ಸುದ್ದಿ.

ಕ್ಷಮೆ ಯಾಕೆಂದು ಗೊತ್ತು. ಬೈಗುಳ ಯಾಕೆಂದರೆ, ಕಣ್ಣಿಗೆ ಪೊರೆ ಬಂದರೆ ನೆಂಟರಿಗೆ ಹೇಳಬೇಕು, ಅಂಚೆಡಬ್ಬಿಗಲ್ಲ! ನಿಮಗೆ ಪೊರೆ, ನನಗೆ ಹೊರೆ, ಅಕ್ಕನಿಗೆ ಎರಡೂ.

ಈಗ ಸುದ್ದಿ. ಜುಲೈನಿಂದ ನಕ್ಷೆಯನ್ನು ಮುಟ್ಟಿರಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ತೆಗೆದು ಹರಡಿದೆ. ಮೇಜಿನ ತುಂಬ ನೀವು ಹೇಳಿದ ಹಾಗೇ ಬೀಗ ಹಾಕಿದ ಹಳದಿ. ಒಂದಕ್ಕೂ ದಾರಿಯಿಲ್ಲ. ಬೇಸರಕ್ಕೆ ಕೈಗೆ ಏನಾದರೂ ಕೆಲಸ ಬೇಕಲ್ಲ, ಪಿಯಾನೊದ ಬಿಳಿ ಪಟ್ಟಿಗಳನ್ನು ಒರೆಸುವ ಒದ್ದೆ ಬಟ್ಟೆ ತೆಗೆದುಕೊಂಡು ಆ ಸಾಸಿವೆಯನ್ನು ಮೆಲ್ಲಗೆ ಉಜ್ಜಿದೆ. ಒಣಗಿ ಹೊಪ್ಪಳೆ ಕಟ್ಟಿತ್ತು, ಎದ್ದು ಬಂತು.

ಕೆಳಗೆ ಹಳದಿ.

ಇನ್ನೂ ಉಜ್ಜಿದೆ. ಹೋಗಲಿಲ್ಲ. ನೆಕ್ಕಿದೆ, ಕಾಗದದ ರುಚಿ. ಅಚ್ಚಾದ ಹಳದಿ, ಭಾವ! ಎರಡು ಬಿಳಿಗಳ ನಡುವೆ ದಾರದಂಥ ಒಂದು ಪಟ್ಟಿ. ಒಂದು ತುದಿ ಕೌಂಟಿ ರಸ್ತೆಗೆ ತಾಗಿದೆ, ಇನ್ನೊಂದು ತುದಿ ಹಳ್ಳದಾಚೆಯ ದೊಡ್ಡ ಹಳದಿಗೆ ಸೇರಿದೆ! ನಂಬದೆ ಭೂ ಇಲಾಖೆಯ ಕಚೇರಿಗೆ ಫೋನ್ ಮಾಡಿದೆ. ಅಲ್ಲಿಯ ಹೆಂಗಸು ದೊಡ್ಡ ನಕ್ಷೆ ತೆಗೆದು ನೋಡಿ, "ಹೌದಲ್ರೀ, ಇದೆ. ಎರಡು ಲಾರಿ ನಿಲ್ಲೋ ಅಷ್ಟು ಅಗಲ. ಬೇಲಿ ಇಲ್ಲ, ಯಾರೂ ಕೇಳಲ್ಲ. ನಿಮಗೆ ಹೇಗೆ ಕಂಡಿತು?" ಅಂದಳು.

"ನಮ್ಮ ಭಾವನಿಗೆ ಕಂಡಿತು. ಅವರಿಗೆ ಕಣ್ಣು ಕಾಣಲ್ಲ" ಅಂದೆ. ಫೋನ್ ಇಟ್ಟುಬಿಟ್ಟಳು.

ಹೊರಟೆ. ಅಕ್ಟೋಬರ್ ಒಂದಕ್ಕೆ ಬೇಟೆ ಶುರು, ಎಂಟಕ್ಕೆ ಊಟ. ಅಕ್ಕನಿಗೆ ಬಾಣಲೆ ಉಜ್ಜಿಡಲು ಹೇಳಿ.

ಆರ್ಲೊ

*

ಹಳ್ಳದ ತಿರುವಿನ ಗುಡಾರದಿಂದ
ಅಕ್ಟೋಬರ್ 3

ಕ್ಯಾಸ್ಪರಿನಲ್ಲಿ ಒಂಟಿಗಣ್ಣು ಕಟ್ಟಿಕೊಂಡು ಕೂತಿರುವ ಭಾವನಿಗೆ,

ಅಕ್ಕಾ, ನೀನೇ ಓದುತ್ತಿರುವೆ ಅಂತ ಗೊತ್ತು. ನಿಧಾನವಾಗಿ, ಭಾವಪೂರ್ಣವಾಗಿ ಓದು. ಭಾವ ಪೂರ್ಣವಾಗಿ ಕೇಳಲಿ. ಫೋನ್ ಮಾಡಬಹುದಿತ್ತು, ಆದರೆ ಅವರು ನಡುವೆ ಬಾಯಿ ಹಾಕುತ್ತಾರೆ.

ಮೊದಲ ದಿನ ಬಯಲಿನಲ್ಲಿ ಎಲ್ಲಿ ನೋಡಿದರೂ ಕವಲುಗೊಂಬು. ಎಲ್ಲಿ ಹೋದರೂ ಇಲ್ಲ. ತೆವಳಿದೆ ಭಾವ, ಅಂಗಿಯ ಗುಂಡಿಗಳೆಲ್ಲ ಕಿತ್ತುಹೋಗುವಷ್ಟು ತೆವಳಿದೆ. ಪೊದೆಯ ಮೇಲೆ ತಲೆ ಎತ್ತಿದರೆ ಅವು ಆಗಲೇ ನನ್ನನ್ನು ನೋಡಿ ಮುಗಿಸಿ ಬೇರೆ ವಿಷಯ ಯೋಚಿಸುತ್ತಿದ್ದವು. ಒಂದು ಗುಂಪು ಬೇಲಿಯ ಹತ್ತಿರ ಬಂತು. ಹಾರುತ್ತವೆ ಅಂದುಕೊಂಡು ಬಂದೂಕನ್ನು ಮೇಲೆ ಹಿಡಿದೆ. ಅವು ನನ್ನ ಹಾಗೇ ಕೆಳಗಿನಿಂದ ತೂರಿಕೊಂಡು ಹೋದವು! ಕರವಸ್ತ್ರ ಬೀಸಿದೆ. ಗಾಳಿ ಕಿತ್ತುಕೊಂಡು ಪಕ್ಕದ ನೆಬ್ರಾಸ್ಕ ರಾಜ್ಯದ ಕಡೆಗೆ ಒಯ್ದಿತು. ಅದಕ್ಕೂ ನನಗೂ ಋಣ ತೀರಿತು.

ನಿನ್ನೆ ಮಧ್ಯಾಹ್ನದ ಹೊತ್ತಿಗೆ ಸೋತುಹೋದೆ. ಖಾಲಿ ಮೇಜು ಕಣ್ಣಿಗೆ ಬಂತು. ಅಜ್ಜನ ಕುರ್ಚಿ, ಅದರ ಪಕ್ಕ ಸುಮ್ಮನೆ ಕೂತ ನೀವು. ನಿಮ್ಮನ್ನು ಸುಮ್ಮನೆ ಕೂತಂತೆ ಕಲ್ಪಿಸಿಕೊಳ್ಳುವುದೇ ಕಷ್ಟ, ಭಾವ. ನೆಲ ನೋಡದೆ ದಿಣ್ಣೆಯ ಮರೆಯಲ್ಲಿ ಕೂತುಬಿಟ್ಟೆ. ಪಾಪಾಸುಕಳ್ಳಿಯ ಮೇಲೆ. ಈ ವಿಷಯ ಇಲ್ಲಿಗೆ ಸಾಕು. ಅದೃಷ್ಟಕ್ಕೆ ಪಿಯಾನೊ ರಿಪೇರಿಯ ಚಿಮಟ ಜೇಬಿನಲ್ಲಿತ್ತು.

ಸ್ವಲ್ಪ ಹೊತ್ತಾದ ಮೇಲೆ ನೀವು ಹೇಳಿದ ಬಿಳಿ ಕರವಸ್ತ್ರದ ಉಪಾಯ ಫಲಿಸಿತು. ತಿರುಗಿ ನೋಡಿದರೆ ದಿಣ್ಣೆಯ ಮೇಲೆ ಒಂದು ಗಂಡು! ಕಪ್ಪು ಕೊಂಬು, ಕವಲು ಎದ್ದು ಕಾಣುತ್ತಿತ್ತು. ಕತ್ತು ಓರೆ ಮಾಡಿ, ಕಣ್ಣು ಅಗಲಿಸಿ, ನಾಲ್ಕು ಹೆಜ್ಜೆ ಬಂತು, ನಿಂತಿತು. ಮತ್ತೆ ನಾಲ್ಕು ಹೆಜ್ಜೆ. ಜೀವಮಾನದಲ್ಲಿ ನನ್ನನ್ನು ಯಾರೂ ಅಷ್ಟು ಆಸಕ್ತಿಯಿಂದ ನೋಡಿಲ್ಲ. ಮಲಗಿದ್ದಲ್ಲೇ ಹೊರಳಿ ಬಂದೂಕು ಎತ್ತಿದೆ. ಉಸಿರು ಬಿಟ್ಟೆ, ಗಾಳಿಯೂ ಒಂದು ಕ್ಷಣ ಬಿಟ್ಟಿತು. ಒಂದೇ ಗುಂಡು. ಎರಡನೆಯದು ಬೇಕಾಗಲಿಲ್ಲ.

ಹತ್ತಿರ ಹೋಗಿ ಕುತ್ತಿಗೆಯ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಸೇಜ್ ಪೊದೆಯ ವಾಸನೆ. ಕುಣಿಯಬೇಕು ಅಂದುಕೊಂಡಿದ್ದೆ. ಟೋಪಿ ತೆಗೆದೆ. ಆಮೇಲೆ ನಿಮ್ಮ ಮಾತು ನೆನಪಾಗಿ ಚಾಕು ತೆಗೆದೆ. ಬೇಗ ಬಿಚ್ಚಿ, ನೆರಳಲ್ಲಿ ತಣಿಸಿ, ಎರಡು ಸಲ ಹೊತ್ತು ಸಾಸಿವೆ ಪಟ್ಟಿಯ ಮೂಲಕವೇ ರಸ್ತೆಗೆ ತಂದೆ. ಈಗ ಊರಿನ ಮಾಂಸದಂಗಡಿಯ ತಣ್ಣನೆ ಕೋಣೆಯಲ್ಲಿ ತೂಗುತ್ತಿದೆ.

ಕುಣಿತ? ರಸ್ತೆಗೆ ಬಂದ ಮೇಲೆ ಕುಣಿದೆ. ಒಂದು ಲಾರಿ ನಿಲ್ಲಿಸಿ ಕೇಳಿದರು, ಡಾಕ್ಟರು ಬೇಕಾ ಅಂತ.

ಊಟ ಉಂಟು, ಭಾವ!

ಆರ್ಲೊ

*

ಸೇಜ್ ಫೋರ್ಕ್
ಅಕ್ಟೋಬರ್ 16

ಆರ್ಲೊ,

ಅಕ್ಷರ ನೋಡಿದೆಯಾ? ಎಷ್ಟು ಸಣ್ಣ! ಹಾಳೆಗೆ ಮೂವತ್ತು ಸಾಲು. ಬಲಗಣ್ಣು ಹೊಸದು. ಷೆರಿಫ್‌ನನ್ನು ಮಾತಾಡಿಸಿದೆ, ಅವನೂ ಮಾತಾಡಿದ. ನಮ್ಮ ಫ್ರಿಜ್ಜು ಅಷ್ಟೇನೂ ಚೆನ್ನಾಗಿಲ್ಲ. ನಿನ್ನ ಅಕ್ಕ ಚೆನ್ನಾಗಿದ್ದಾಳೆ.

ಅವತ್ತಿನ ಊಟದ ರುಚಿ ಇನ್ನೂ ನಾಲಿಗೆಯಲ್ಲಿದೆ. ಇಪ್ಪತ್ತು ವರ್ಷದಲ್ಲಿ ಅಷ್ಟು ಮೆತ್ತಗಿನ ಮಾಂಸ ತಿಂದಿಲ್ಲ. ತಣಿಸುವುದನ್ನು ಚೆನ್ನಾಗಿ ತಣಿಸಿದ್ದೀಯ. ಊರಿಗೆ ಊರೇ ಈಗಲೂ ನಿನ್ನ ವಿಚಾರವನ್ನೇ ಆಡುತ್ತಿದೆ. ಮಾಂಸದ ವಿಚಾರವಲ್ಲ, ವಿನಯದ ವಿಚಾರ.

ನಾನು ಎಲ್ಲರೆದುರು ಅಜ್ಜನ ಕುರ್ಚಿ ಎಳೆದು "ಕೂತ್ಕೊಳಯ್ಯ" ಅಂದಾಗ ನೀನು ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟು, "ಇಲ್ಲ ಭಾವ, ಅಜ್ಜನ ಕುರ್ಚಿ. ನಾನು ನಿಂತೇ ಊಟ ಮಾಡ್ತೀನಿ" ಅಂದೆಯಲ್ಲ, ಆಗ ನೆರೆಮನೆಯ ಮಿಸೆಸ್ ಸೊರೆನ್ಸನ್ ಕಣ್ಣೊರೆಸಲು ಕರವಸ್ತ್ರ ತೆಗೆದರು. ಈ ಮನೆಯಲ್ಲಿ ಈಗ ಎಂದೂ ತರದವಳು ಒಲೆ ಮುಂದಿರುವ ನಾನೊಬ್ಬಳೇ, ಈರುಳ್ಳಿ ಸುಲಿಯೋರು ಯಾರು ಅಂತ ರೊಸೆಲ್ಲಾ ಕೇಳಿದಾಗ ನೀನೇ ಹೋಗಿ, ಸ್ಟೂಲನ್ನು ಪಕ್ಕಕ್ಕೆ ಸರಿಸಿ, ನಿಂತುಕೊಂಡೇ ಇಡೀ ಬುಟ್ಟಿ ಸುಲಿದೆ. ಊಟಕ್ಕೆ ಬಂದಿದ್ದ ಪಾದ್ರಿಗಳು ಆ ಭಾನುವಾರದ ಉಪದೇಶವನ್ನೇ ಬದಲಾಯಿಸಿದರು. ನಾನೂ ಕಣ್ಣು ಒರೆಸಿಕೊಂಡೆ. ಕಣ್ಣು ಹೊಸದಲ್ವಾ, ಹಾಳಾದೀತು ಅಂತ ಮೆಲ್ಲಗೆ ಒರೆಸಿಕೊಂಡೆ.

ನೀನು ಹೊರಟ ಮೇಲೆ, ನಿನ್ನ ಗುಡಾರದ ಪತ್ರವನ್ನು ನಾನೇ ತೆಗೆದು ಓದಿದೆ. ಈ ಕಣ್ಣಿನಿಂದ ಓದಿದ ಮೊದಲ ಪತ್ರ ಅದು. ರೊಸೆಲ್ಲಾ ಓದಿದಾಗ ಕಿವಿಗೆ ಬೀಳದ್ದೆಲ್ಲ ಕಣ್ಣಿಗೆ ಬಿತ್ತು.

ಮೊದಲ ದಿನವೇ ಕರವಸ್ತ್ರ ನೆಬ್ರಾಸ್ಕಕ್ಕೆ ಹೋಯಿತು ಅಂದಿದ್ದೀಯ. ಎರಡನೇ ದಿನ ಯಾವ ಕರವಸ್ತ್ರ ಫಲಿಸಿತು? ನೀನು ಪಾಪಾಸುಕಳ್ಳಿಯ ಮೇಲೆ ಕೂತಿದ್ದೆ. ಕೈಯಲ್ಲಿ ಚಿಮಟ ಇತ್ತು. ಪ್ಯಾಂಟು ಎಲ್ಲಿತ್ತು ಅಂತ ಮಾತ್ರ ಬರೆದಿಲ್ಲ. ಮಲಗಿದ್ದೆ, ಅದೂ ಬೋರಲು. ಗಂಡು ಬಂದದ್ದು ಹಿಂದಿನಿಂದ. ತಿರುಗಿ ನೋಡಿದೆ ಅಂತ ನೀನೇ ಬರೆದಿದ್ದೀಯ. ಜೀವಮಾನದಲ್ಲಿ ಯಾರೂ ಅಷ್ಟು ಆಸಕ್ತಿಯಿಂದ ನೋಡಿಲ್ಲ ಅಂತಲೂ ಬರೆದಿದ್ದೀಯ. ಮಿಲ್ವಾಕಿಯಲ್ಲಿ ಬಿಸಿಲು ಕಾಣದೆ ಬೆಳೆದ ಮೈ. ಹೊಲಿಗೆ ಬಿಚ್ಚಿದ ಹಾಗೆ ಎಲ್ಲ ಬಿಚ್ಚಿಕೊಂಡಿತು ಆರ್ಲೊ, ಬಯಲಿನಲ್ಲಿ ನಡೆದದ್ದು ಬಯಲಾಯಿತು.

ಯಾರಿಗೂ ಹೇಳಿಲ್ಲ. ರೊಸೆಲ್ಲಾಳಿಗೆ ಮಾತ್ರ ಹೇಳಿದೆ. ಇನ್ನೊಂದು ತಟ್ಟೆ ಹೋಯಿತು. ಊರಿನವರಿಗೆ ನೀನು ವಿನಯವಂತನಾಗಿಯೇ ಇರು. ಅಜ್ಜನ ಕಾಲದಿಂದ ಎಷ್ಟೋ ಜನ ಎಷ್ಟೋ ಬಿಳಿ ಬಟ್ಟೆ ಬೀಸಿದ್ದಾರೆ. ನಿನ್ನಷ್ಟು ಮನಸಾರೆ ಯಾರೂ ಬೀಸಿಲ್ಲ.

ಕುರ್ಚಿ ನಿನ್ನದೇ. ಬೇರೆ ಯಾರನ್ನೂ ಕೂರಲು ಬಿಡುತ್ತಿಲ್ಲ. ರೊಸೆಲ್ಲಾ ಅದಕ್ಕೊಂದು ಮೆತ್ತನೆ ದಿಂಬು ಹೊಲಿಯಲು ಕೂತಿದ್ದಾಳೆ. ಮೊದಲು ಬಿಳಿ ಬಟ್ಟೆ ತೆಗೆದಳು. ಬೇಡ ಮಾರಾಯ್ತಿ ಅಂದೆ, ಕಿಟಕಿ ತೆರೆದೇ ಇದೆ, ಬಯಲಿನಲ್ಲಿರುವ ಗಂಡುಗಳೆಲ್ಲ ಅಡುಗೆಮನೆಗೆ ಬಂದುಬಿಟ್ಟಾವು. ಈಗ ಹಳದಿ ಹೊಲಿಯುತ್ತಿದ್ದಾಳೆ. ಗೋಡಂಬಿ ಆಕಾರ.

ನಿನ್ನ ಭಾವ,
ಡೆಲ್ಬರ್ಟ್